ಮೃದ್ವಸ್ಥಿ ಮಾಪನ

ಕೀಲಿನಲ್ಲಿ ಮೂಳೆಗಳ ತುದಿಯನ್ನು ಹೊದ್ದಿರುವ ಮೃದ್ವಸ್ಥಿಯ ದಪ್ಪ, ರಚನೆ ಮತ್ತು ಸವೆತವನ್ನು ಅಳೆಯುವ ವಿಧಾನ. ಅಸ್ಥಿಸಂಧಿವಾತದ ಸಂಶೋಧನೆಗೆ ಆಧಾರ. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಕ್ಸ್-ರೇ ನೋಡಿ ಕೀಲಿಗೆ 0ಯಿಂದ 4ರವರೆಗೆ ದರ್ಜೆ ಕೊಡುವ ಕ್ರಮವನ್ನು ರೂಪಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ಆದರೆ ಅದನ್ನೇ ಮೃದ್ವಸ್ಥಿಯ ಅಳತೆಯೆಂದು ತಿಳಿಯುವುದು ತಪ್ಪು. ಸಾಮಾನ್ಯ ಎಕ್ಸ್-ರೇಯಲ್ಲಿ ಮೃದ್ವಸ್ಥಿ ಕಾಣುವುದೇ ಇಲ್ಲ, ಕಾಣುವುದು ಮೂಳೆಗಳ ನಡುವಿನ ತೆರಪು ಮಾತ್ರ. ಮಂಡಿಯೊಳಗಿನ ಮೆನಿಸ್ಕಸ್ ಎಂಬ ಮೆತ್ತೆ ಹೊರಕ್ಕೆ ಜರುಗಿದರೂ ಆ ತೆರಪು ಕಿರಿದಾಗುತ್ತದೆ. ರೋಗಿ ಮಂಡಿಯನ್ನು ತುಸು ಬೇರೆ ರೀತಿ ಮಡಿಸಿ ನಿಂತರೂ ಲೆಕ್ಕ ಬದಲಾಗುತ್ತದೆ. ಎಂಆರ್‌ಐ ಮೃದ್ವಸ್ಥಿಯನ್ನು ನೇರವಾಗಿ ತೋರಿಸುತ್ತದೆ. ಅದರ ಟಿ2 ನಕ್ಷೆಯಂತೂ ದಪ್ಪ ಕುಗ್ಗುವ ಮೊದಲೇ ನೀರಿನಂಶ ಮತ್ತು ಕೊಲಾಜನ್ ಜೋಡಣೆಯ ಏರುಪೇರನ್ನು ಸೂಚಿಸಬಲ್ಲದು.

ಎಂಆರ್‌ಐ ದುಬಾರಿ ಎಂಬ ಆಕ್ಷೇಪ ನಿಜ. ದಿನನಿತ್ಯದ ಚಿಕಿತ್ಸೆಗೆ ಎಕ್ಸ್-ರೇ ಬಹುಪಾಲು ಸಾಕು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಮೃದ್ವಸ್ಥಿಯಲ್ಲಿ ನರಗಳಿಲ್ಲ, ಹಾಗಾದರೆ ಅದರ ದಪ್ಪದಿಂದ ರೋಗಿಗೇನು? 2019ರಲ್ಲಿ ಪ್ರಕಟವಾದ ಸ್ಪ್ರೈಫರ್ಮಿನ್ ಎಂಬ ಔಷಧದ ಪ್ರಯೋಗದಲ್ಲಿ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಪಡೆದವರ ಮಂಡಿಯ ಮೃದ್ವಸ್ಥಿ ಎರಡು ವರ್ಷಗಳಲ್ಲಿ ಸ್ವಲ್ಪ ದಪ್ಪವಾಯಿತು, ನೋವು ಮಾತ್ರ ಹುಸಿ ಔಷಧ ಪಡೆದವರಿಗಿಂತ ಗಮನಾರ್ಹವಾಗಿ ಇಳಿಯಲಿಲ್ಲ. ಇದರಿಂದ ಮಾಪನವೇ ವ್ಯರ್ಥವೆಂದಾಗದು, ಒಂದೇ ಅಂಗಾಂಶದ ಮಾಪನ ಸಾಲದೆಂದಷ್ಟೇ ಆಗುತ್ತದೆ. ನೋವಿಗೆ ಹೆಚ್ಚು ನಂಟಿರುವುದು ಮೃದ್ವಸ್ಥಿಯ ಕೆಳಗಿನ ಮೂಳೆಮಜ್ಜೆಯ ಗಾಯಗಳಿಗೆ ಮತ್ತು ಕೀಲುಪೊರೆಯ ಉರಿಯೂತಕ್ಕೆ. ಎಕ್ಸ್-ರೇಗೆ ಕಾಣದ ಇವೆರಡನ್ನೂ ಎಂಆರ್‌ಐ ಕಾಣಿಸುತ್ತದೆ.