ನಿದ್ದೆಗೆ ಹಚ್ಚಿದ ಕರೆಂಟು

ಪುಣೆ ಕ್ಯಾಂಪಿನಲ್ಲಿ ಫಿಜಿಯೋಥೆರಪಿ ಮಶೀನುಗಳ ರಿಪೇರಿ ನನ್ನ ಕಸುಬು. ಧಾರವಾಡದಿಂದ ಬಂದು ಈಸ್ಟ್ ಸ್ಟ್ರೀಟಿನ ಹಿಂದಿನ ಓಣಿಯಲ್ಲಿ ಅಂಗಡಿ ಇಟ್ಟವನು. ಪಕ್ಕದ ವಾನವಡಿಯಲ್ಲಿ 1944ರಲ್ಲಿ ಸೈನಿಕರಿಗಾಗಿ ಕೃತಕ ಅವಯವ ಕೇಂದ್ರ, 1948ರಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು ಬಂದವು. ದವಾಖಾನೆಗಳ ನಡುವಿನ ಈ ಊರಲ್ಲಿ ಸೊಂಟಕ್ಕೆ, ಮಂಡಿಗೆ ಕರೆಂಟ್ ಹಚ್ಚಿಸಿಕೊಳ್ಳಲು ಯಾರೂ ಹಿಂಜರಿಯುವುದಿಲ್ಲ. ಅದೇ ಕರೆಂಟನ್ನು ನಿದ್ದೆಗಾಗಿ ತಲೆಗೆ ಹಚ್ಚುತ್ತಾರೆ ಎಂದರೆ ಮಾತ್ರ, “ಶಾಕ್ ಕೊಡ್ತಾರೇನ್ರಿ?” ಎಂದು ಗಾಬರಿಯಾಗುತ್ತಾರೆ.

ಆ ಶಾಕ್ ಬೇರೆ. 1938ರಲ್ಲಿ ರೋಮ್‌ನಲ್ಲಿ ಚೆರ್ಲೆಟ್ಟಿ ಮತ್ತು ಬಿನಿ ಎಂಬ ವೈದ್ಯರು ಶುರುಮಾಡಿದ ಚಿಕಿತ್ಸೆಯಲ್ಲಿ ಬೇಕೆಂದೇ ಫಿಟ್ಸ್ ಬರಿಸುತ್ತಾರೆ; ಅದಕ್ಕೆ ನೂರಾರು ಮಿಲಿಆಂಪಿಯರ್ ಬೇಕು. ನಿದ್ದೆಯ ಮಶೀನು ಕೆಲವೇ ಮಿಲಿಆಂಪಿಯರಿನದು, ಕಿವಿಗೆ ಕ್ಲಿಪ್ ಹಾಕುವ ಕೆಲವು ಮಶೀನುಗಳಲ್ಲಿ ಒಂದಕ್ಕಿಂತಲೂ ಕಡಿಮೆ.

ಫ್ರಾನ್ಸಿನ ಸ್ಟೆಫಾನ್ ಲೆಡುಕ್ 1902ರಲ್ಲೇ ತಲೆಗೆ ಕರೆಂಟು ಹಚ್ಚುವುದನ್ನು ಪ್ರಾಣಿಗಳ ಮೇಲೆ ಪ್ರಯೋಗಿಸಿ ನೋಡಿದ್ದ. ರೋಗಿಗಳಿಗೆ ವ್ಯವಸ್ಥಿತವಾಗಿ ಹಚ್ಚಿದವರು ಸೋವಿಯತ್ ವೈದ್ಯರು. ಗಿಲ್ಯಾರೋವ್‌ಸ್ಕಿ ಮತ್ತು ಸಂಗಡಿಗರ ‘ಎಲೆಕ್ಟ್ರೋಸನ್’ ಪುಸ್ತಕ 1953ರಲ್ಲಿ ಬಂತು. ಮುಚ್ಚಿದ ಕಣ್ಣಿನ ಮೇಲೆ ಎರಡು, ಕಿವಿಯ ಹಿಂದಿನ ಎಲುಬಿನ ಮೇಲೆ ಎರಡು ಒದ್ದೆ ಪ್ಯಾಡ್. ಬಿಟ್ಟುಬಿಟ್ಟು ಬಡಿಯುವ ಸಣ್ಣ ಕರೆಂಟು. ಅರ್ಧ ತಾಸಿಗೂ ಮಿಕ್ಕಿ ಮಲಗುವುದು. 1966ರಲ್ಲಿ ಆಸ್ಟ್ರಿಯಾದ ಗ್ರಾಜ್‌ನಲ್ಲಿ ಇದಕ್ಕೆಂದೇ ಅಂತಾರಾಷ್ಟ್ರೀಯ ಸಭೆ ಸೇರಿತು. ಅಷ್ಟರಲ್ಲಿ ಒಂದು ತೊಡಕು ಕಂಡಿತ್ತು: ಪ್ಯಾಡ್ ಹಚ್ಚಿಸಿಕೊಂಡವರೆಲ್ಲ ಆ ಹೊತ್ತಿಗೆ ನಿದ್ದೆಹೋಗುತ್ತಿರಲಿಲ್ಲ. ರಾತ್ರಿಯ ನಿದ್ದೆ ಸುಧಾರಿಸಿದರೂ ಅದು ಕರೆಂಟಿನಿಂದಲೋ, ಕತ್ತಲೆ ಕೋಣೆಯಲ್ಲಿ ಕಣ್ಣುಮುಚ್ಚಿ ಸುಮ್ಮನೆ ಮಲಗಿದ್ದರಿಂದಲೋ?

ಇದನ್ನು ಬಿಡಿಸುವ ಉಪಾಯ ಸುಳ್ಳು ಕರೆಂಟು: ಕೆಲವರಿಗೆ ನಿಜದ್ದು, ಕೆಲವರಿಗೆ ಹಚ್ಚಿದಂತೆ ತೋರಿಸುವುದು ಮಾತ್ರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ಕಿಜೋಫ್ರೇನಿಯಾದವರಿಗೆ ಕೇಳಿಸುವ ಇಲ್ಲದ ದನಿಗಳಿಗೆ ಪ್ರಯೋಗಿಸಿದ ಡಿಸಿ ಕರೆಂಟಿನ ಪದ್ಧತಿಯೂ ಇಂಥ ಪರೀಕ್ಷೆಯಿಂದ ಹೊರತಲ್ಲ. ಉಪ್ಪುನೀರಿನ ಸ್ಪಂಜು ಹಣೆಗೆ ಕಟ್ಟಿ ಕರೆಂಟು ಮೆಲ್ಲಗೆ ಏರಿಸಿದರೆ ಇರುವೆ ಕಚ್ಚಿದ ಹಾಗೆ ಚುರುಚುರು ಎನ್ನುತ್ತದೆ. ಸುಳ್ಳು ಕರೆಂಟಿನವರಿಗೆ ಅರ್ಧ ನಿಮಿಷದಲ್ಲಿ ಮಶೀನು ತಾನೇ ಕರೆಂಟು ಇಳಿಸಿಬಿಡುತ್ತದೆ, ದೀಪ ಮಾತ್ರ ಉರಿಯುತ್ತಿರುತ್ತದೆ. ಅಷ್ಟು ಹೊತ್ತಿಗೆ ಚರ್ಮಕ್ಕೂ ರೂಢಿಯಾಗಿರುವುದರಿಂದ, ಮಲಗಿದವನಿಗೆ ನಿಂತದ್ದು ಗೊತ್ತಾಗುವುದು ಕಷ್ಟ. ನಿಜದ ಕರೆಂಟು ಈ ಸುಳ್ಳನ್ನು ಸೋಲಿಸಬೇಕು.

ನಿದ್ದೆಯ ಮಶೀನಿಗೆ ಈ ಪರೀಕ್ಷೆ ಸರಿಯಾಗಿ ಆಗುವ ಮೊದಲೇ ಮಾರುಕಟ್ಟೆ ಸಿಕ್ಕಿತು. ಅಮೆರಿಕದಲ್ಲಿ 1976ರ ವೈದ್ಯಕೀಯ ಉಪಕರಣ ಕಾಯ್ದೆಗಿಂತ ಮುಂಚಿನವು ಎಂಬ ನೆಪದಲ್ಲೇ ಇವು ಉಳಿದುಕೊಂಡವು. 2019ರಲ್ಲಿ ಅಲ್ಲಿನ ನಿಯಂತ್ರಣ ಸಂಸ್ಥೆ ಎಫ್‌ಡಿಎ ಆತಂಕ ಮತ್ತು ನಿದ್ರಾಹೀನತೆಯ ಮಶೀನುಗಳನ್ನು ಮಧ್ಯಮ ಅಪಾಯದ ವರ್ಗಕ್ಕೆ ಇಳಿಸಿ, ಖಿನ್ನತೆಯವನ್ನು ಕಟ್ಟುನಿಟ್ಟಿನ ವರ್ಗದಲ್ಲೇ ಇಟ್ಟಿತು. 2018ರಲ್ಲಿ ಸಂಶೋಧನೆಗಳನ್ನೆಲ್ಲ ಗುಡ್ಡೆ ಹಾಕಿ ನೋಡಿದ ಒಂದು ಸಮೀಕ್ಷೆಗೆ ನಿದ್ರಾಹೀನತೆಯ ಮಟ್ಟಿಗೆ ಸಾಕಷ್ಟು ಪುರಾವೆ ಸಿಗಲಿಲ್ಲ. ಹಳೇ ನಿದ್ರಾಹೀನತೆಗೆ ಮೊದಲ ಚಿಕಿತ್ಸೆಯಾಗಿ ಅಮೆರಿಕದ ವೈದ್ಯರ ಒಂದು ಸಂಘ 2016ರಲ್ಲಿ ಹೇಳಿದ್ದು ಮಲಗುವ ರೂಢಿ, ಯೋಚನೆಗಳನ್ನು ತಿದ್ದುವ ಸಿಬಿಟಿಯನ್ನು.

ನಾಲ್ಕು ರಾತ್ರಿ ಕಣ್ಣು ಮುಚ್ಚದವರಿಗೆ ಪುರಾವೆ ಬರಲಿ ಎಂದು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಈ ವ್ಯಾಪಾರ ಇಷ್ಟು ಕಾಲ ನಡೆದದ್ದು ಆ ಅವಸರದ ಮೇಲೆಯೇ. ಮಶೀನು ತರಿಸಿಕೊಡಿ ಎಂದು ಕೇಳಿದವರನ್ನು ನಾನು ಮೊದಲು ಡಾಕ್ಟರ ಹತ್ತಿರ ಕಳಿಸುತ್ತೇನೆ. ಎದೆಯಲ್ಲಿ ಪೇಸ್‌ಮೇಕರ್ ಇದ್ದವರಿಗಂತೂ ಆ ಮಾತೇ ಬೇಡ ಎನ್ನುತ್ತೇನೆ. ಮಶೀನಿನಿಂದ ಕರೆಂಟು ಎಷ್ಟು ಬರುತ್ತದೆಂದು ನನ್ನ ಮೀಟರು ಹೇಳುತ್ತದೆ. ನಿದ್ದೆ ಬರುತ್ತದೋ ಇಲ್ಲವೋ ಎಂಬುದಕ್ಕೆ ನಾನು ಗ್ಯಾರಂಟಿ ಬರೆದುಕೊಡಲಾರೆ.