ಐದು ವರ್ಷದ ಓದು: ಒಂದೇ ಜಿಲ್ಲೆಯಲ್ಲಿ ಎರಡು ಲೆಕ್ಕ

ಪಿಯುಸಿ ರಿಸಲ್ಟ್ ಬಂದ ಕೂಡಲೇ ಗಾಣಗಾಪುರ ಸುತ್ತಿನ ಮನೆಗಳಲ್ಲಿ ವರ್ಷದ ಲೆಕ್ಕ ಶುರುವಾಗುತ್ತದೆ. ಡಿಗ್ರಿಗೆ ಮೂರು, ಎಂಎಗೆ ಎರಡು, ಬಿಎಡ್‌ಗೆ ಮತ್ತೆರಡು. ಓದುವವಳು ಹುಡುಗಿಯಾದರೆ ಡಿಗ್ರಿ ಮುಗಿಯುವ ಹೊತ್ತಿಗೆ "ಸಾಕಲ್ಲ, ಇನ್ನೆಷ್ಟ್ ಓದೂದದ?" ಎಂಬ ಮಾತು ಬಂದೇ ಬರುತ್ತದೆ. ಅದಕ್ಕೇ ಪದವಿ, ಸ್ನಾತಕೋತ್ತರ ಎರಡನ್ನೂ ಜೋಡಿಸಿ ಓದಿಸುವ ಕೋರ್ಸುಗಳ ಇತಿಹಾಸ ನಮಗೆ ಬೇಕಾದದ್ದು.

ಮೊದಲು ನಮ್ಮ ಭಾಗದ ಕಥೆ. ನಿಜಾಮರ ಕಾಲದಲ್ಲಿ ನಮಗಿದ್ದ ವಿಶ್ವವಿದ್ಯಾಲಯ 1918ರಲ್ಲಿ ಹೈದರಾಬಾದಿನಲ್ಲಿ ಶುರುವಾದ ಉಸ್ಮಾನಿಯಾ. ಅಲ್ಲಿ ಪಾಠ ಉರ್ದುವಿನಲ್ಲಿ. 1956ರ ಏಕೀಕರಣದ ನಂತರ ಧಾರವಾಡದ ಕಡೆ ಮುಖ ಮಾಡಿದೆವು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗುಲಬರ್ಗಾದಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. ಅದೇ 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. ಅಂದರೆ ಎಂಎ ಓದು ನಮ್ಮ ಜಿಲ್ಲೆಗೆ ಬಂದು ಇನ್ನೂ ಎರಡು ತಲೆಮಾರು ಆಗಿದೆ ಅಷ್ಟೆ.

ಎರಡೂ ಪದವಿ ಒಂದೇ ಪ್ರವೇಶದಲ್ಲಿ ಕೊಡುವ ಪದ್ಧತಿಗೆ ರಾಜ್ಯದಲ್ಲಿ ಒಳ್ಳೆಯ ಉದಾಹರಣೆ ಮೈಸೂರು. 1963ರಲ್ಲಿ ಎನ್‌ಸಿಇಆರ್‌ಟಿ ಅಲ್ಲಿ ಪ್ರಾದೇಶಿಕ ಶಿಕ್ಷಣ ಕಾಲೇಜು ತೆರೆಯಿತು. ಈಗ ಅದರ ಹೆಸರು ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಅಲ್ಲಿಯ ಎಂಎಸ್ಸಿ ಎಜುಕೇಶನ್ ಕೋರ್ಸು ಪಿಯುಸಿ ಆದವರಿಗೆ ಆರು ವರ್ಷದ್ದು. ಅದೇ ಓದನ್ನು ಬಿಡಿಬಿಡಿಯಾಗಿ ಓದಿದರೆ ಬಿಎಸ್ಸಿ ಮೂರು, ಬಿಎಡ್ ಎರಡು, ಎಂಎಸ್ಸಿ ಎರಡು, ಒಟ್ಟು ಏಳು ವರ್ಷ. ಒಂದು ವರ್ಷ ಉಳಿಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2011ರಲ್ಲಿ ನಾಲ್ಕು ವರ್ಷದ ವಿಜ್ಞಾನ ಪದವಿ ತಂದು, ಐದನೇ ವರ್ಷ ಅಲ್ಲೇ ಉಳಿದವರಿಗೆ ಸ್ನಾತಕೋತ್ತರ ಪದವಿಯ ದಾರಿ ಮಾಡಿತು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದೇ ಲೆಕ್ಕವನ್ನು ಸಾಮಾನ್ಯ ಕಾಲೇಜಿಗೂ ತಂದಿತು: ನಾಲ್ಕು ವರ್ಷದ ಆನರ್ಸ್, ಮೇಲೆ ಒಂದು ವರ್ಷದ ಎಂಎ. ಕರ್ನಾಟಕ 2021-22ರಲ್ಲೇ, ಬೇರೆಯವರಿಗಿಂತ ಮೊದಲು, ಅದನ್ನು ಜಾರಿ ಮಾಡಿತು. ಸರ್ಕಾರ ಬದಲಾಯಿತು. ಸುಖದೇವ್ ಥೋರಟ್ ಅವರ ಆಯೋಗ ಮಧ್ಯಂತರ ವರದಿ ಕೊಟ್ಟಿತು. 2024ರ ಮೇ ತಿಂಗಳ ಆದೇಶದಂತೆ 2024-25ರಿಂದ ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮತ್ತೆ ಮೂರು ವರ್ಷದ ಡಿಗ್ರಿ.

ಆಳಂದ ರಸ್ತೆಯ ಕಡಗಂಚಿಯಲ್ಲಿ ಮಾತ್ರ ಲೆಕ್ಕ ಬೇರೆ. ಗುರುಚರಿತ್ರೆ ಬರೆದ ಸರಸ್ವತಿ ಗಂಗಾಧರರ ಊರೆಂದು ಗಾಣಗಾಪುರದ ಭಕ್ತರಿಗೆಲ್ಲ ಅದು ಗೊತ್ತು. 2009ರ ಕಾಯ್ದೆಯಿಂದ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಅಲ್ಲೇ. ಅದು ಕೇಂದ್ರದ್ದು. ರಾಜ್ಯದ ಆದೇಶ ಅದಕ್ಕೆ ತಾಗುವುದಿಲ್ಲ. ಪ್ರವೇಶ ಸಿಯುಇಟಿ ಪರೀಕ್ಷೆಯಿಂದ.

ಕೂಡಿಸಿ ನೋಡಿ. ಮೂರಕ್ಕೆ ಎರಡು ಸೇರಿದರೂ ಐದು, ನಾಲ್ಕಕ್ಕೆ ಒಂದು ಸೇರಿದರೂ ಐದು. ವರ್ಷ ಉಳಿಯುವುದಿಲ್ಲ. ಆದರೆ ನಾಲ್ಕು ಮುಗಿಸಿದವರು ಒಂದು ವರ್ಷದ ಎಂಎ ಇಲ್ಲದ ಕಡೆ ಸೇರಿದರೆ ಅದು ಆರು ಆಗುತ್ತದೆ. ತೊಗರಿ ನಂಬಿ ಓದಿಸುವ ಮನೆಗೆ ಒಂದು ವರ್ಷ ಅಂದರೆ ಹಾಸ್ಟೆಲ್ಲು, ಬಸ್ ಪಾಸು, ಕೈಗಡ.

ಹಾಗಿದ್ದರೆ ಜೋಡಿ ಕೋರ್ಸಿನ ಲಾಭ ಏನು? ನಮ್ಮ ಪ್ರಕಾರ, ನಡುವೆ ನಿಲ್ಲದಿರುವುದು. ಡಿಗ್ರಿ ಮುಗಿದು ಎಂಎ ಅರ್ಜಿ ಕರೆಯುವ ತನಕದ ಬಿಡುವಿನಲ್ಲೇ ಹುಡುಗ ಪುಣೆಗೋ ಬೆಂಗಳೂರಿಗೋ ದುಡಿಯಲು ಹೋಗುತ್ತಾನೆ, ಹುಡುಗಿಗೆ ವರ ನೋಡುತ್ತಾರೆ. ಒಂದೇ ಪ್ರವೇಶದಲ್ಲಿ ಐದು ವರ್ಷ ಇದ್ದರೆ "ಕೋರ್ಸ್ ಇನ್ನೂ ಮುಗಿದಿಲ್ಲ" ಎಂದು ಹೇಳಲು ಮಕ್ಕಳಿಗೆ ಒಂದು ಆಧಾರ ಸಿಗುತ್ತದೆ.

ಅದಕ್ಕೆ ಅರ್ಜಿ ತುಂಬುವ ಮೊದಲು ಕಾಲೇಜಿನವರನ್ನು ಮೂರು ಮಾತು ಕೇಳಿ. ಮೂರು ವರ್ಷಕ್ಕೆ ಬಿಟ್ಟರೆ ಡಿಗ್ರಿ ಕೊಡುತ್ತೀರಾ? ಎಂಎಗೆ ನೇರವಾಗಿ ಮುಂದುವರಿಸುತ್ತೀರಾ, ಮತ್ತೆ ಪರೀಕ್ಷೆ ಇದೆಯಾ? ನಾಲ್ಕು ಮುಗಿಸಿದವರಿಗೆ ಒಂದು ವರ್ಷದ ಎಂಎ ನಿಮ್ಮಲ್ಲಿ ಇದೆಯಾ? ಉತ್ತರವನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿದ್ದರೆ ಮಾತ್ರ ನಂಬಿ.