ಬೆಂಕಿ ಆರಿಸಿದರೆ ಕಾಡು ತಾನೇ ಬರುತ್ತದೆ

ನಾವಿರುವ ಮುಂಬಯಿಯ ರಸ್ತೆಯುದ್ದಕ್ಕೂ ಮಳೆಮರಗಳಿವೆ. ರಜೆಗೆ ಬೆಂಗಳೂರಿಗೆ ಹೋದರೆ ಅಲ್ಲಿಯ ಹಳೇ ರಸ್ತೆಗಳಲ್ಲೂ ಅವೇ. ಇಷ್ಟು ವರ್ಷ ಇದು ನಮ್ಮ ನೆಲದ್ದೇ ಮರ ಅಂದುಕೊಂಡಿದ್ದೆ. ಅದೂ ನಮ್ಮ ಹಾಗೆ ವಲಸೆ ಬಂದದ್ದು, ತವರು ಮಧ್ಯ ಅಮೆರಿಕದ ಕಡೆ ಅಂತ ಗೊತ್ತಾಯಿತು. ಆ ತವರಿನ ಕಾಡು ಈಗ ಹೇಗಿದೆ ಅಂತ ಹುಡುಕಲು ಹೋದಾಗ ಸಿಕ್ಕಿದ್ದು ಒಬ್ಬ ಮೇಷ್ಟ್ರ ಕಥೆ.

ಅವರು ಡೇನಿಯಲ್ ಜಾನ್‌ಜೆನ್. ಅಮೆರಿಕದಲ್ಲಿ 1939ರಲ್ಲಿ ಹುಟ್ಟಿದವರು. 1963ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ ಕೋಸ್ಟರಿಕಕ್ಕೆ ಹೋದರು. ಆ ದೇಶದ ವಾಯವ್ಯದಲ್ಲಿರುವ ಗ್ವಾನಾಕಾಸ್ತೆ ಪ್ರಾಂತ್ಯದ್ದು ಒಣ ಕಾಡು. ಬೇಸಿಗೆಯಲ್ಲಿ ಎಲೆ ಉದುರಿಸಿ, ಮಳೆ ಬಿದ್ದರೆ ಮತ್ತೆ ಚಿಗುರುತ್ತದೆ. ಸ್ಪೇನಿನವರು ಬಂದ ಕಾಲದಿಂದ ದನ ಸಾಕಲೆಂದು ಅದನ್ನು ಕಡಿಯುತ್ತಲೇ ಬಂದರು. ಆಮೇಲೆ ಮೇವಿಗಾಗಿ ಆಫ್ರಿಕದಿಂದ ಹರಾಗ್ವಾ ಎಂಬ ಹುಲ್ಲು ತಂದು ಬಿತ್ತಿದರು. ಆಳೆತ್ತರ ಬೆಳೆಯುವ ಈ ಹುಲ್ಲು ಬೇಸಿಗೆಯಲ್ಲಿ ಒಣಗಿ ನಿಂತಿರುತ್ತದೆ. ಯಾರೋ ಬೆಂಕಿ ಹಚ್ಚಿದರೆ ಮರದ ಸಸಿಗಳೆಲ್ಲ ಸುಟ್ಟು ಹೋಗುತ್ತವೆ, ಹುಲ್ಲು ಮಾತ್ರ ಮತ್ತೆ ಏಳುತ್ತದೆ. 1971ರಲ್ಲಿ ಅಲ್ಲಿ ಸಾಂತಾ ರೋಸಾ ರಾಷ್ಟ್ರೀಯ ಉದ್ಯಾನವಾದರೂ ಈ ಬೆಂಕಿ ನಿಲ್ಲಲಿಲ್ಲ.

1984ರಲ್ಲಿ ಕ್ರಾಫೋರ್ಡ್ ಪ್ರಶಸ್ತಿ ಬಂತು. ಹೆಸರು ಮಾಡಿದ ವಿಜ್ಞಾನಿ ಅಲ್ಲಿಗೇ ಕೈತೊಳೆದುಕೊಳ್ಳಬಹುದಿತ್ತು. ಜಾನ್‌ಜೆನ್ ಹಾಗೆ ಮಾಡಲಿಲ್ಲ. 1985ರ ಸುಮಾರಿಗೆ, ಪತ್ನಿ ವಿನ್ನಿ ಹಾಲ್‌ವಾಕ್ಸ್ ಜೊತೆ, ಹೋದ ಕಾಡನ್ನು ವಾಪಸ್ ತರುವ ಕೆಲಸಕ್ಕೆ ನಿಂತರು.

ದಾರಿ ಬಹಳ ಸರಳ. ಮೊದಲು ಬೆಂಕಿ ನಿಲ್ಲಿಸುವುದು. ಕಾಡಿನ ಶತ್ರು ಅಂತ ನಾವು ಬೈಯುವ ದನಗಳನ್ನೇ ಬಿಟ್ಟು ಹುಲ್ಲು ಮೇಯಿಸುವುದು. ಉಳಿದದ್ದನ್ನು ಗಾಳಿ, ಹಕ್ಕಿ, ಬಾವಲಿ ನೋಡಿಕೊಳ್ಳುತ್ತವೆ. ಅವು ತಂದ ಬೀಜ ಮೊಳೆತು ನೆರಳು ಬಿದ್ದರೆ ಹರಾಗ್ವಾ ತಾನಾಗಿ ಸಾಯುತ್ತದೆ.

ಆದರೆ ಬೆಂಕಿ ಹಚ್ಚುವವರು ಯಾರು? ಸುತ್ತಲಿನ ಜನ. ಅವರನ್ನು ಹೊರಗಟ್ಟಿ ಬೇಲಿ ಹಾಕಿದರೆ ಕಾಡು ಉಳಿಯದು ಅಂತ ಅವರಿಗೆ ಗೊತ್ತಿತ್ತು. ಊರಿನವರಿಗೇ ಬೆಂಕಿ ಕಾಯುವ ಕೆಲಸ ಕೊಟ್ಟರು. ಅಕ್ಕಪಕ್ಕದ ಶಾಲೆಗಳ ನಾಲ್ಕು, ಐದು, ಆರನೇ ಕ್ಲಾಸಿನ ಮಕ್ಕಳಿಗೆ ಕಾಡಿನೊಳಗೇ ಜೀವಶಾಸ್ತ್ರದ ಪಾಠ ಶುರುವಾಯಿತು. ಈ ಮಕ್ಕಳೇ ಮುಂದೆ ಊರು ನಡೆಸುವವರು ಎಂಬ ಲೆಕ್ಕ. 1989ರಿಂದ ಹಳ್ಳಿಯವರಿಗೆ ತರಬೇತಿ ಕೊಟ್ಟು ಕೀಟಗಳನ್ನು ಸಂಗ್ರಹಿಸಿ ವಿಂಗಡಿಸುವ ಕೆಲಸಕ್ಕೂ ಹಚ್ಚಿದರು. ಸುತ್ತಲಿನ ಹೊಲ, ಹುಲ್ಲುಗಾವಲು ಕೊಂಡು ಸೇರಿಸುತ್ತಾ ಸೇರಿಸುತ್ತಾ, 1999ರಲ್ಲಿ ಇದು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ನಮ್ಮಲ್ಲಿ 1950ರಲ್ಲಿ ಇದೇ ಮುಂಬಯಿಯ ಕೆ. ಎಂ. ಮುನ್ಶಿಯವರು ಕೇಂದ್ರ ಮಂತ್ರಿಯಾಗಿದ್ದಾಗ ವನಮಹೋತ್ಸವ ಶುರು ಮಾಡಿದರು. ಸ್ಕೂಲಿನಲ್ಲಿ ನಾನೂ ಸಸಿ ನೆಟ್ಟವನೇ. ಅದು ಯಾವ ಮರದ ಸಸಿ ಅಂತ ನಾನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಮರುವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಟ್ಟೆವು. ಸಸಿಗಳ ಲೆಕ್ಕವಂತೂ ಪಕ್ಕಾ ಇತ್ತು.

ನಿಮ್ಮ ಮನೆ ಮುಂದಿನ ಮರದ ಹೆಸರು ನಿಮ್ಮ ಮಕ್ಕಳಿಗೆ ಗೊತ್ತಾ? ಇವತ್ತು ಸಂಜೆ ಕೇಳಿ ನೋಡಿ.